ಅಂಗಡಿಗಳಲ್ಲಿ ಮಾಸ್ಕ್ ಕಡ್ಡಾಯವಾದರೆ ಅದನ್ನು ಪಾಲಿಸುವಂತೆ ನೋಡಿಕೊಳ್ಳುವ ಹೊಣೆ ಯಾರದು?

ಪ್ರಶ್ನೆ: ಕಿರಾಣಿ ವರ್ತಕ, ಕೊಪ್ಪಳ

ನಮ್ಮ ಊರಿನ ಕೆಲವು ವರ್ತಕರು ಸೇರಿ ಜಿಲ್ಲಾಡಳಿತಕ್ಕೆ ಒಂದು ಮನವಿಪತ್ರ ಸಿದ್ಧಪಡಿಸುತ್ತಿದ್ದೇವೆ. ಕೊರೊನಾದಂತಹ ಸಾಂಕ್ರಾಮಿಕ ರೋಗ ಮುಂದೆಂದಾದರೂ ಬಂದು, ಅಂಗಡಿಗಳಲ್ಲಿ ಮಾಸ್ಕ್ ಕಡ್ಡಾಯ ಮಾಡುವ ಆದೇಶ ಮತ್ತೆ ಹೊರಟರೆ, ಆ ಆದೇಶ ಹೇಗಿರಬೇಕು ಎಂಬುದನ್ನು ಗಾಬರಿಯಿಲ್ಲದ ಈ ಹೊತ್ತಿನಲ್ಲೇ ಯೋಚಿಸಿ ಬರೆದು ಕೊಡಬೇಕೆಂಬುದು ಹಿರಿಯ ವರ್ತಕರ ಅಭಿಪ್ರಾಯ. ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಆದರೆ ಮೊದಲ ಸಭೆಯಲ್ಲೇ ಮಾತು ಎರಡಾಯಿತು. ಜೀವಕ್ಕಿಂತ ವ್ಯಾಪಾರ ದೊಡ್ಡದಲ್ಲ, ಸರ್ಕಾರ ಹೇಳಿದಂತೆ ನಡೆಯೋಣ ಎಂದು ಕೆಲವರು ಹೇಳಿದರೆ, ಮಾಸ್ಕಿನಿಂದ ರೋಗವೇನೂ ನಿಲ್ಲಲಿಲ್ಲ, ದಂಡ ವಸೂಲಿಯಷ್ಟೇ ಆಯಿತು ಎಂದು ಉಳಿದವರು ಪಟ್ಟು ಹಿಡಿದರು.

ನನಗೆ ತೊಡಕಾಗಿ ಕಾಣುವುದು ಬೇರೆಯೇ ಇದೆ. 2020ರ ಸೆಪ್ಟೆಂಬರ್ ಕೊನೆಯಲ್ಲಿ ರಾಜ್ಯ ಸರ್ಕಾರ ಮಾಸ್ಕ್ ಧರಿಸದವರಿಗೆ ನಗರಗಳಲ್ಲಿ 1000 ರೂಪಾಯಿ, ಗ್ರಾಮೀಣ ಪ್ರದೇಶಗಳಲ್ಲಿ 500 ರೂಪಾಯಿ ದಂಡ ಎಂದು ಪ್ರಕಟಿಸಿ, ಜನರ ವಿರೋಧ ಬಂದ ಕೂಡಲೇ ಅಕ್ಟೋಬರ್ ಮೊದಲ ವಾರದಲ್ಲಿ ಅದನ್ನು 250 ಮತ್ತು 100 ರೂಪಾಯಿಗೆ ಇಳಿಸಿದ್ದು ಹಲವರಿಗೆ ನೆನಪಿರಬಹುದು. ಅದು ಗಿರಾಕಿಗೆ ಬೀಳುವ ದಂಡದ ಲೆಕ್ಕ. ತಪಾಸಣೆಗೆ ಬಂದವರು ಮಾತ್ರ ಹೆಚ್ಚಾಗಿ ಹಿಡಿದುಕೊಳ್ಳುತ್ತಿದ್ದುದು ಅಂಗಡಿಯವನನ್ನು, ಏಕೆಂದರೆ ಗಿರಾಕಿ ಚೀಲ ಎತ್ತಿಕೊಂಡು ಹೊರಟುಹೋಗುತ್ತಾನೆ, ಅಂಗಡಿ ಎಲ್ಲಿಗೂ ಹೋಗುವುದಿಲ್ಲ.

ಉದ್ರಿ ಖಾತೆಯ ವಿಚಾರವನ್ನು ಯಾವ ಆದೇಶವೂ ಲೆಕ್ಕಕ್ಕೆ ತೆಗೆದುಕೊಂಡಂತೆ ಕಾಣಲಿಲ್ಲ. ಸುತ್ತಲಿನ ಹಳ್ಳಿಗಳ ರೈತರೂ ಕೂಲಿಕಾರರೂ ಸುಗ್ಗಿಯವರೆಗೆ ಸಾಲದ ಮೇಲೆ ಸಾಮಾನು ಒಯ್ಯುವವರು. ಅಂತಹ ಒಬ್ಬರಿಗೆ ಮಾಸ್ಕ್ ಇಲ್ಲ, ಸಾಮಾನು ಕೊಡುವುದಿಲ್ಲ ಎಂದು ಹತ್ತು ಜನರ ಎದುರು ಹೇಳಿದರೆ ಅವರು ಬೇರೆ ಅಂಗಡಿಗೆ ಹೋಗುತ್ತಾರೆ, ಅವರೊಂದಿಗೆ ಹಳೆಯ ಬಾಕಿಯೂ ಹೋಗುತ್ತದೆ. ಹೀಗಾಗಿ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ ವರ್ತಕನಿಗೆ ನಷ್ಟ, ಕಣ್ಣು ಮುಚ್ಚಿಕೊಂಡವನಿಗೆ ಲಾಭ ಎನ್ನುವಂತಾಯಿತು.

ಜೊತೆಗೆ, ನಮ್ಮಲ್ಲಿ ಅಂಗಡಿಗಳೆಲ್ಲ ಒಂದೇ ಬಗೆಯವಲ್ಲ. ನನ್ನಂತಹವರ ಅಂಗಡಿಯಲ್ಲಿ ಗಿರಾಕಿ ಒಳಗೆ ಬರುವುದೇ ಇಲ್ಲ. ಕಟ್ಟೆಯ ಮುಂದೆ ಬಯಲಿನಲ್ಲಿ ನಿಂತು ಚೀಟಿ ಕೊಡುತ್ತಾನೆ. ಸೀರೆ ಅಂಗಡಿಯಲ್ಲಿ ಇಡೀ ಕುಟುಂಬ ಬಾಗಿಲು ಹಾಕಿದ ಎಸಿ ಕೋಣೆಯೊಳಗೆ ಗಾದಿಯ ಮೇಲೆ ಕುಳಿತು, ಮದುವೆಯ ಜವಳಿಯಾದರೆ ಅರ್ಧ ದಿನವನ್ನೇ ಕಳೆಯುತ್ತದೆ. ಎರಡಕ್ಕೂ ಒಂದೇ ನಿಯಮ ಏಕೆ?

ಆದ್ದರಿಂದ ತಿಳಿದವರಲ್ಲಿ ಕೇಳುವುದು ಇಷ್ಟು. ಅಂಗಡಿಯೊಳಗಿನ ಮಾಸ್ಕಿನಿಂದ ನಿಜವಾಗಿ ಎಷ್ಟು ಪ್ರಯೋಜನವಾಯಿತು ಎಂಬುದಕ್ಕೆ ಈಗ ಗಟ್ಟಿಯಾದ ಆಧಾರ ಇದೆಯೇ? ಪ್ರಯೋಜನವಿದೆ ಎನ್ನುವುದಾದರೆ, ಪಾಲನೆಯ ಹೊಣೆಯನ್ನು ಗಿರಾಕಿ, ಅಂಗಡಿಯವ, ಸರ್ಕಾರ ಈ ಮೂವರಲ್ಲಿ ಯಾರ ಮೇಲೆ ಎಷ್ಟು ಇಡಬೇಕು?

ಉತ್ತರ: ಸಮುದಾಯ ಆರೋಗ್ಯ ವೈದ್ಯೆ, ರಾಯಚೂರು

ನಿಮ್ಮ ಮೊದಲ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ. ಎರಡನೆಯದಕ್ಕೆ ಕಾನೂನು ತಿಳಿದವರು ಬರೆಯಲಿ.

ಮಾಸ್ಕಿನ ಬಗ್ಗೆ ಜನರಲ್ಲಿ ಅಪನಂಬಿಕೆ ಮೂಡಿದ್ದಕ್ಕೆ ನಮ್ಮ ವೃತ್ತಿಯವರ ಪಾಲೂ ಇದೆ ಎಂದು ಹೇಳಿಯೇ ಮುಂದುವರಿಯಬೇಕು. 2020ರ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯವಂತ ಜನಸಾಮಾನ್ಯರು ಮಾಸ್ಕ್ ಧರಿಸಬೇಕೆಂದು ಶಿಫಾರಸು ಮಾಡಿರಲಿಲ್ಲ. ಅದೇ ವರ್ಷ ಜೂನ್ 5ರಂದು ತನ್ನ ಸಲಹೆಯನ್ನು ಬದಲಿಸಿ, ಅಂತರ ಕಾಯ್ದುಕೊಳ್ಳಲಾಗದ ಅಂಗಡಿ, ಬಸ್ಸು ಮೊದಲಾದ ಕಡೆ ಬಟ್ಟೆಯ ಮಾಸ್ಕ್ ಬಳಸಬೇಕು, ಅದು ಮೂರು ಪದರದ್ದಾಗಿರಬೇಕು ಎಂದಿತು. ರೋಗಲಕ್ಷಣ ಕಾಣುವ ಮೊದಲೇ ಸೋಂಕಿತರು ಸೋಂಕು ಹರಡಬಲ್ಲರು ಎಂಬುದು ಅಷ್ಟರಲ್ಲಿ ಸ್ಪಷ್ಟವಾಗಿದ್ದರಿಂದ ಸಲಹೆ ಬದಲಾದದ್ದು ಸರಿಯೇ ಆಗಿತ್ತು. ಆದರೆ ಬದಲಾದದ್ದು ಏಕೆ ಎಂದು ಜನರಿಗೆ ಬಿಡಿಸಿ ಹೇಳುವ ಬದಲು ನೇರವಾಗಿ ದಂಡದ ರಸೀದಿ ಪುಸ್ತಕವನ್ನೇ ಮುಂದಿಡಲಾಯಿತು.

ಆಧಾರದ ವಿಚಾರದಲ್ಲಿ ಮೂರು ಅಧ್ಯಯನಗಳ ಹೆಸರು ಈ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ, ಎರಡೂ ಪಕ್ಷದವರು ತಮಗೆ ಬೇಕಾದುದನ್ನು ಮಾತ್ರ ಹೆಕ್ಕಿಕೊಳ್ಳುತ್ತಾರೆ. ಡೆನ್ಮಾರ್ಕಿನಲ್ಲಿ 2020ರ ಏಪ್ರಿಲ್-ಮೇ ಹೊತ್ತಿಗೆ ಸುಮಾರು 6000 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಹೊರಗೆ ಹೋಗುವಾಗ ಮಾಸ್ಕ್ ಧರಿಸಲು ಹೇಳಿಸಿಕೊಂಡವರಲ್ಲಿ ಶೇ 1.8ರಷ್ಟು, ಉಳಿದವರಲ್ಲಿ ಶೇ 2.1ರಷ್ಟು ಮಂದಿಗೆ ಸೋಂಕು ತಗಲಿತು. ಈ ಅಂತರವನ್ನು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವೆನ್ನಲು ಬರುವುದಿಲ್ಲ. ಆದರೆ ಆ ಪ್ರಯೋಗ ಅಳೆದದ್ದು ಮಾಸ್ಕ್ ಧರಿಸಿದವನಿಗೆ ಸಿಗುವ ರಕ್ಷಣೆಯನ್ನು ಮಾತ್ರ. ಸೋಂಕಿತನು ಮಾಸ್ಕ್ ಧರಿಸಿದಾಗ ಸುತ್ತಲಿನವರಿಗೆ ಆಗುವ ಪ್ರಯೋಜನವನ್ನು ಅದು ಅಳೆಯಲಿಲ್ಲ, ಅಂಗಡಿಯ ನಿಯಮಕ್ಕೆ ಮುಖ್ಯವಾದುದು ಅದೇ.

ನಮ್ಮ ಊರುಗಳಿಗೆ ಹೆಚ್ಚು ಹತ್ತಿರವಾದುದು ಬಾಂಗ್ಲಾದೇಶದ ಅಧ್ಯಯನ. ಸುಮಾರು 600 ಹಳ್ಳಿಗಳಲ್ಲಿ, 3 ಲಕ್ಷ 40 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡು ಅದು ನಡೆಯಿತು. ಅರ್ಧದಷ್ಟು ಹಳ್ಳಿಗಳಲ್ಲಿ ಮಾಸ್ಕುಗಳನ್ನು ಉಚಿತವಾಗಿ ಹಂಚಿ, ಮಾರುಕಟ್ಟೆ ಮತ್ತು ಮಸೀದಿಗಳ ಬಳಿ ನಿಂತು ಜನರಿಗೆ ನೆನಪಿಸಿ, ಊರಿನ ಹಿರಿಯರಿಂದ ಹೇಳಿಸಲಾಯಿತು. ಅಲ್ಲಿ ಸರಿಯಾಗಿ ಮಾಸ್ಕ್ ಧರಿಸುವವರ ಪ್ರಮಾಣ ಶೇ 13ರಿಂದ ಶೇ 42ಕ್ಕೆ ಏರಿತು. ಲಕ್ಷಣಗಳಿದ್ದು ರಕ್ತ ಪರೀಕ್ಷೆಯಲ್ಲೂ ದೃಢಪಟ್ಟ ಸೋಂಕು ಒಟ್ಟಾರೆ ಶೇ 9ರಷ್ಟು ತಗ್ಗಿತು. ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ಶೇ 11ರಷ್ಟು ತಗ್ಗಿತು, ಅವೇ ಹಳ್ಳಿಗಳ 60 ದಾಟಿದವರಲ್ಲಿ ಶೇ 35ರಷ್ಟು. ಬಟ್ಟೆಯ ಮಾಸ್ಕಿನ ಪರಿಣಾಮ ಮಾತ್ರ ಸ್ಪಷ್ಟವಾಗಿ ತೋರಲಿಲ್ಲ.

ಈ ಅಂಕಿಗಳನ್ನು ನೋಡಿ ಮಾಸ್ಕ್ ಪವಾಡ ಮಾಡಿತು ಎನ್ನುವವರೂ ತಪ್ಪು, ಏನೂ ಮಾಡಲಿಲ್ಲ ಎನ್ನುವವರೂ ತಪ್ಪು. ಹತ್ತರಲ್ಲಿ ನಾಲ್ವರು ಧರಿಸಿದಾಗಲೇ ವಯಸ್ಸಾದವರಲ್ಲಿ ಮೂರನೆಯ ಒಂದರಷ್ಟು ಸೋಂಕು ತಪ್ಪುವುದು ಸಣ್ಣ ಸಂಗತಿಯಲ್ಲ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಮುಖ್ಯವಾದ ಇನ್ನೊಂದು ಅಂಶ ಅದರಲ್ಲಿದೆ. ಆ ಏರಿಕೆ ಬಂದದ್ದು ಉಚಿತ ಹಂಚಿಕೆಯಿಂದ ಮತ್ತು ಎದುರಿಗೆ ನಿಂತು ಸೌಜನ್ಯದಿಂದ ನೆನಪಿಸಿದ್ದರಿಂದ; ದಂಡದಿಂದಲ್ಲ.

ಮೂರನೆಯದು 2023ರ ಜನವರಿಯಲ್ಲಿ ಬಂದ ಕಾಕ್ರೇನ್ ಸಮೀಕ್ಷೆ. ಒಂದೇ ವಿಷಯದ ಮೇಲೆ ನಡೆದ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸುವ ಅಂತರರಾಷ್ಟ್ರೀಯ ಸಂಸ್ಥೆ ಕಾಕ್ರೇನ್. ಮಾಸ್ಕ್ ನಿಷ್ಪ್ರಯೋಜಕ ಎಂದು ಅದು ಸಾಬೀತುಪಡಿಸಿದೆ ಎಂಬ ಸುದ್ದಿ ವಾಟ್ಸಾಪಿನಲ್ಲಿ ಈಗಲೂ ಸುತ್ತುತ್ತಿದೆ. ಆ ಅರ್ಥ ಸರಿಯಲ್ಲ, ಲಭ್ಯವಿರುವ ಪ್ರಯೋಗಗಳಿಂದ ಖಚಿತ ತೀರ್ಮಾನಕ್ಕೆ ಬರಲಾಗದು ಎಂದಷ್ಟೇ ತಿಳಿಯಬೇಕು ಎಂದು ಕಾಕ್ರೇನ್ ಗ್ರಂಥಾಲಯದ ಪ್ರಧಾನ ಸಂಪಾದಕಿಯೇ ಅದೇ ವರ್ಷ ಮಾರ್ಚಿನಲ್ಲಿ ಸ್ಪಷ್ಟಪಡಿಸಬೇಕಾಯಿತು.

ಕಟ್ಟೆಯ ಅಂಗಡಿಗೂ ಎಸಿ ಕೋಣೆಗೂ ಒಂದೇ ನಿಯಮ ಏಕೆ ಎಂದು ಕೇಳಿದ್ದೀರಿ. ವೈದ್ಯಕೀಯವಾಗಿ ಅದಕ್ಕೆ ಸಮರ್ಥನೆಯಿಲ್ಲ. ಮಾತನಾಡುವಾಗ, ಉಸಿರಾಡುವಾಗ ಹೊರಬರುವ ಅತಿ ಸಣ್ಣ ಕಣಗಳು ಬಯಲಿನಲ್ಲಿ ಬೇಗನೆ ಚದುರಿ ತೆಳುವಾಗುತ್ತವೆ. ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲಿಕೊಂಡಿರಬಲ್ಲವು. ನಮ್ಮ ಊರಿನ ಜವಳಿ ಅಂಗಡಿಗಳಲ್ಲಿ ಗೋಡೆಗೆ ಹಾಕಿರುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಒಳಗಿನ ಗಾಳಿಯನ್ನೇ ತಂಪು ಮಾಡಿ ಮತ್ತೆ ಬಿಡುತ್ತದೆ. ಅಲ್ಲಿ ಅರ್ಧ ದಿನ ಕುಳಿತ ಕುಟುಂಬಕ್ಕೂ ದಿನವಿಡೀ ಅಲ್ಲೇ ಸೀರೆ ಬಿಚ್ಚಿ ತೋರಿಸುವ ಹುಡುಗರಿಗೂ ಇರುವ ಅಪಾಯ, ನಿಮ್ಮ ಕಟ್ಟೆಯ ಮುಂದೆ ಚೀಟಿ ಕೊಟ್ಟು ನಿಂತವನಿಗೆ ಇರುವುದಿಲ್ಲ. ಹಾಗಾಗಿ ಮನವಿಯಲ್ಲಿ ಎಲ್ಲ ಅಂಗಡಿಗಳು ಎಂದು ಬರೆಯುವ ಬದಲು, ಗಿರಾಕಿಗಳು ಒಳಗೆ ಪ್ರವೇಶಿಸುವ ಮುಚ್ಚಿದ ಅಂಗಡಿಗಳು ಎಂದು ಬರೆಯಿರಿ. ಕಿಟಕಿ ತೆರೆದಿಡುವುದು, ಹಿಂದಿನ ಗೋಡೆಗೆ ಗಾಳಿ ಹೊರದೂಡುವ ಫ್ಯಾನ್ ಹಾಕಿಸುವುದು ಇವನ್ನೂ ಸೇರಿಸಿ. ಅದಕ್ಕೆ ಯಾವ ಗಿರಾಕಿಯೊಂದಿಗೂ ಜಗಳವಾಡಬೇಕಾಗಿಲ್ಲ.

ಉತ್ತರ: ಜೀನ್ಸ್ ಹೊಲಿಗೆ ಘಟಕದವನು, ಬಳ್ಳಾರಿ

ಡಾಕ್ಟರ್ ಅವರ ಮಾತನ್ನು ಗೌರವದಿಂದ ಓದಿದೆ. ಅವರೇ ಕೊಟ್ಟ ಬಾಂಗ್ಲಾದೇಶದ ಉದಾಹರಣೆ ನನ್ನ ವಾದಕ್ಕೆ ಬಲ ಕೊಡುತ್ತದೆ. ನನ್ನ ವಿರೋಧ ಮಾಸ್ಕಿಗಲ್ಲ, ಕಡ್ಡಾಯಕ್ಕೆ.

ಲಾಕ್‌ಡೌನ್ ಕಾಲದಲ್ಲಿ ಜೀನ್ಸ್ ಪ್ಯಾಂಟಿನ ಕೆಲಸ ನಿಂತಾಗ ನಾವೂ ಮಾಸ್ಕ್ ಹೊಲಿದೆವು. ಕೊಳ್ಳುವವರು ನಮ್ಮನ್ನು ಕೇಳುತ್ತಿದ್ದುದು ಬೆಲೆ ಮತ್ತು ಬಣ್ಣ. ಮೂಗಿನ ಮೇಲೆ ಸರಿಯಾಗಿ ಕೂರುತ್ತದೆಯೇ, ಒಳಗೆ ಎಷ್ಟು ಪದರವಿದೆ ಎಂದು ಕೇಳಿದವರು ವಿರಳ. ಏಕೆಂದರೆ ಬಹುಪಾಲು ಜನರಿಗೆ ಅದು ರೋಗದಿಂದ ಪಾರಾಗುವ ಸಾಧನವಾಗಿರಲಿಲ್ಲ, ದಂಡದಿಂದ ಪಾರಾಗುವ ಸಾಧನವಾಗಿತ್ತು. ಅಂಗಡಿಯ ಹೊರಗೆ ನಿಂತ ಇಬ್ಬರು ಗೆಳೆಯರಲ್ಲಿ ಒಬ್ಬ ಒಳಗೆ ಹೋಗಿ ಬಂದು, ತನ್ನ ಮುಖದಿಂದ ಬಿಚ್ಚಿದ ಅದೇ ಮಾಸ್ಕನ್ನು ಇನ್ನೊಬ್ಬನಿಗೆ ಕೊಟ್ಟು ಕಳಿಸುವುದನ್ನು ನಮ್ಮ ಓಣಿಯಲ್ಲಿ ನೋಡಿದ್ದೇನೆ. ಕಡ್ಡಾಯವಿಲ್ಲದಿದ್ದರೆ ಅವರಿಬ್ಬರೂ ಮಾಸ್ಕ್ ಇಲ್ಲದೆ ಹೋಗುತ್ತಿದ್ದರು, ಕನಿಷ್ಠ ಒಬ್ಬನ ಎಂಜಲು ಇನ್ನೊಬ್ಬನ ಮೂಗಿಗೆ ತಗಲುತ್ತಿರಲಿಲ್ಲ. ಇನ್ನು ಗುಟ್ಕಾ ತಿನ್ನುವವರ ಗದ್ದದ ಮೇಲೆ ಜೋತಾಡುತ್ತಿದ್ದ ಮಾಸ್ಕಿನ ಬಗ್ಗೆ ಹೇಳುವುದೇ ಬೇಡ.

ನಮ್ಮ ಬಿಸಿಲನ್ನೂ ಮರೆಯಬಾರದು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ, ತಗಡಿನ ಸೂರಿನ ಕೆಳಗೆ ದಿನವಿಡೀ ದುಡಿಯುವವನಿಗೆ ಬೆವರಿನಿಂದ ಒದ್ದೆಯಾದ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡೇ ಇರು ಎಂದು ಆದೇಶ ಹೊರಡಿಸುವುದು ಸುಲಭ.

ಎಲ್ಲಕ್ಕಿಂತ ನನ್ನನ್ನು ಕೆರಳಿಸಿದ್ದು ಆದೇಶ ಹೊರಡಿಸಿದವರ ನಡವಳಿಕೆ. 2021ರಲ್ಲಿ ಎರಡನೆಯ ಅಲೆ ಏರುತ್ತಿದ್ದಾಗಲೇ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಉಪಚುನಾವಣೆಯ ಪ್ರಚಾರ ಜೋರಾಗಿ ನಡೆದು ಏಪ್ರಿಲ್ 17ರಂದು ಮತದಾನವಾಯಿತು. ಬಳ್ಳಾರಿ ಮಹಾನಗರ ಪಾಲಿಕೆಗೆ ಏಪ್ರಿಲ್ 27ರಂದು ಮತದಾನವಾಯಿತು. ಸಭೆ, ಮೆರವಣಿಗೆಗಳಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತವರಿಗೆ ಇಲ್ಲದ ನಿಯಮ, ಕಾಲು ಕಿಲೋ ಬೇಳೆ ತರಲು ಹೋದ ಹೆಣ್ಣುಮಗಳಿಗೆ ಇತ್ತು. ಇದು ನಮ್ಮಲ್ಲಷ್ಟೇ ನಡೆದದ್ದೂ ಅಲ್ಲ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರ ಮಾಸ್ಕ್ ಕಡ್ಡಾಯ ಮಾಡಿದಾಗ ಆ ನಗರದ ಮೇಯರ್ ಸ್ವತಃ ಮುಷ್ಟಿಯುದ್ಧದ ಪಂದ್ಯವೊಂದನ್ನು ಮಾಸ್ಕ್ ಇಲ್ಲದೆ ನೋಡುತ್ತ ಸಿಕ್ಕಿಬಿದ್ದು ದಂಡ ಕಟ್ಟಿದರು. ಮರುವರ್ಷದ ಜನವರಿಯಲ್ಲಿ ನಿಯಮವನ್ನು ಮತ್ತೆ ತಂದಾಗ ಅದರ ವಿರುದ್ಧ ಜನ ಒಂದು ಸಂಘವನ್ನೇ ಕಟ್ಟಿದರು. ಅಲ್ಲಿ ಮೇಯರಾದರೂ ದಂಡ ಕಟ್ಟಿದರು ಎಂಬುದು ಬೇರೆ ಮಾತು.

ಉಚಿತವಾಗಿ ಒಳ್ಳೆಯ ಮಾಸ್ಕ್ ಕೊಡಲಿ, ಏಕೆ ಬೇಕೆಂದು ತಿಳಿಸಿ ಹೇಳಲಿ. ಅಷ್ಟಾದ ಮೇಲೆ ಧರಿಸುವುದು ಬಿಡುವುದು ಜನರ ವಿವೇಕಕ್ಕೆ ಬಿಟ್ಟದ್ದು.

ಉತ್ತರ: ವಕೀಲ, ಬಳ್ಳಾರಿ

ಮೇಲಿನವರು ನನ್ನ ಊರಿನವರೇ, ಆದರೂ ಅವರ ಕೊನೆಯ ವಾಕ್ಯವನ್ನು ಒಪ್ಪುವುದಕ್ಕಾಗುವುದಿಲ್ಲ. ಮಾಸ್ಕ್ ಧರಿಸದವನು ತನ್ನ ಜೀವವನ್ನಷ್ಟೇ ಅಪಾಯಕ್ಕೆ ಒಡ್ಡುವುದಾಗಿದ್ದರೆ ಅದು ಅವನ ವಿವೇಕಕ್ಕೆ ಬಿಟ್ಟ ವಿಷಯ. ಜವಳಿ ಅಂಗಡಿಯ ಹುಡುಗ ತನ್ನ ಎದುರು ಯಾರು ಬಂದು ಕೂರಬೇಕೆಂದು ಆರಿಸಿಕೊಳ್ಳಲಾರ, ಎದ್ದು ಹೋಗಲೂ ಆರ. ಅಧಿಕಾರದಲ್ಲಿದ್ದವರು ನಿಯಮ ಮುರಿದರು ಎಂಬುದು ಅವರ ಮೇಲೆ ಕ್ರಮ ಕೈಗೊಳ್ಳಲು ಕಾರಣವಾಗಬೇಕೇ ಹೊರತು ನಿಯಮವನ್ನೇ ತೆಗೆದುಹಾಕಲು ಕಾರಣವಾಗಬಾರದು. ರಾಜಕೀಯ ಸಭೆಗಳಲ್ಲಿ ಮಾಸ್ಕ್ ನಿಯಮವನ್ನು ಏಕೆ ಜಾರಿಗೊಳಿಸುತ್ತಿಲ್ಲ ಎಂದು ಕರ್ನಾಟಕ ಹೈಕೋರ್ಟ್ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ವಿಚಾರಣೆಯಲ್ಲಿ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡದ್ದೂ ಇದೇ ಕಾರಣಕ್ಕೆ.

ಈಗ ವರ್ತಕರ ಪ್ರಶ್ನೆಗೆ ಬರುತ್ತೇನೆ. ಅಂದಿನ ಆದೇಶಗಳ ಹಿಂದೆ ಇದ್ದ ಬಲ ಮುಖ್ಯವಾಗಿ 2005ರ ವಿಪತ್ತು ನಿರ್ವಹಣಾ ಕಾಯ್ದೆ ಮತ್ತು 2020ರ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ. ಜೊತೆಗೆ ಸರ್ಕಾರಿ ಅಧಿಕಾರಿಯ ಆದೇಶವನ್ನು ಉಲ್ಲಂಘಿಸುವ ಅಪರಾಧಕ್ಕೆ ಭಾರತೀಯ ದಂಡ ಸಂಹಿತೆಯ 188ನೇ ಕಲಂ ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಂ ಬಂದಿದೆ. ಗಿರಾಕಿಯ ಮೇಲಿನ 250, 100 ರೂಪಾಯಿಯ ದಂಡದ ಜೊತೆಗೆ, ತಮ್ಮ ಆವರಣದಲ್ಲಿ ಮಾಸ್ಕ್ ಮತ್ತು ಅಂತರದ ನಿಯಮ ಪಾಲನೆಯಾಗದಿದ್ದರೆ ಎಸಿ ಇಲ್ಲದ ಡಿಪಾರ್ಟ್‌ಮೆಂಟ್ ಸ್ಟೋರುಗಳಿಗೆ 5000, ಎಸಿ ಇರುವವಕ್ಕೆ 10,000 ರೂಪಾಯಿ ದಂಡವನ್ನು ರಾಜ್ಯ ಸರ್ಕಾರ ಗೊತ್ತುಪಡಿಸಿತ್ತು. ಅಂದರೆ ಗಿರಾಕಿಯ ತಪ್ಪಿಗೆ ಅಂಗಡಿಯವನು ಹಲವು ಪಟ್ಟು ತೆರಬೇಕಾಗಿತ್ತು. ಮನವಿಯಲ್ಲಿ ಪ್ರಶ್ನಿಸಬೇಕಾದುದು ಈ ಅನುಪಾತವನ್ನು.

ಬೇರೆ ದಾರಿ ಇರಲಿಲ್ಲವೇ ಎಂದರೆ ಇತ್ತು. ಇಂಗ್ಲೆಂಡಿನಲ್ಲಿ 2020ರ ಜುಲೈ 24ರಿಂದ ಅಂಗಡಿಗಳಲ್ಲಿ ಮುಖ ಮುಚ್ಚಿಕೊಳ್ಳುವುದು ಕಡ್ಡಾಯವಾಯಿತು. ಅಲ್ಲಿ ಕಾನೂನಿನ ಹೊಣೆ ಬಿದ್ದದ್ದು ಗಿರಾಕಿಯ ಮೇಲೆ; 100 ಪೌಂಡ್ ದಂಡ ವಿಧಿಸುವ ಅಧಿಕಾರ ಇದ್ದದ್ದು ಪೊಲೀಸರಿಗೆ, 14 ದಿನಗಳೊಳಗೆ ಕಟ್ಟಿದರೆ ಅರ್ಧ. ಅಂಗಡಿಯವರು ತಿಳಿಸಿ ಹೇಳಬೇಕೆಂಬ ನಿರೀಕ್ಷೆ ಇತ್ತು, ತಡೆದು ನಿಲ್ಲಿಸಬೇಕೆಂಬ ಕಟ್ಟಳೆ ಇರಲಿಲ್ಲ. ಅಲ್ಲಿಯೂ ಎಡವಟ್ಟುಗಳಿದ್ದವು: ಗಿರಾಕಿಗೆ ಕಡ್ಡಾಯವಾದ ಮಾಸ್ಕ್ ಅಂಗಡಿಯ ಸಿಬ್ಬಂದಿಗೆ ಕಡ್ಡಾಯವಾದದ್ದು ಎರಡು ತಿಂಗಳ ನಂತರ, ಸೆಪ್ಟೆಂಬರ್ 24ಕ್ಕೆ.

ಅಂಗಡಿಯವನನ್ನು ಕಾವಲುಗಾರನನ್ನಾಗಿ ಮಾಡುವುದು ಏಕೆ ಅಪಾಯಕಾರಿ ಎಂಬುದಕ್ಕೆ ಜರ್ಮನಿಯ ಒಂದು ಘಟನೆ ಸಾಕು. 2021ರ ಸೆಪ್ಟೆಂಬರ್ 18ರಂದು ಇಡಾರ್-ಒಬರ್‌ಸ್ಟೈನ್ ಎಂಬ ಊರಿನ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಗಲ್ಲಾದ ಮೇಲಿದ್ದ 20 ವರ್ಷದ ಯುವಕ, ಬಿಯರ್ ಕೊಳ್ಳಲು ಬಂದವನಿಗೆ ಮಾಸ್ಕ್ ಹಾಕಿಕೊಳ್ಳಿ ಎಂದು ಹೇಳಿದ. ಆತ ಹೊರಟುಹೋಗಿ, ಮತ್ತೆ ಬಂದು, ಗುಂಡು ಹಾರಿಸಿ ಆ ಯುವಕನನ್ನು ಕೊಂದ. ನಮ್ಮಲ್ಲಿ ಪಿಸ್ತೂಲು ಇಲ್ಲದಿರಬಹುದು. ಆದರೆ 2018ರಲ್ಲಿ ಕಲಬುರಗಿ ಭಾಗದಲ್ಲಿ ಹೆಲ್ಮೆಟ್ ಇಲ್ಲದವರಿಗೆ ಪೆಟ್ರೋಲ್ ಇಲ್ಲ ಎಂಬ ನಿಯಮ ಬಂದಾಗ ಸವಾರರ ಎದುರು ನಿಲ್ಲಬೇಕಾದವರು ಸಂಬಳಕ್ಕೆ ದುಡಿಯುವ ಬಂಕಿನ ಹುಡುಗರೇ ಆಗಿದ್ದರು. ಸರ್ಕಾರ ತನ್ನ ಅಧಿಕಾರವನ್ನು ಕೊಡದೆ ಅದರ ಕೆಲಸವನ್ನು ಮಾತ್ರ ಹೊರಿಸುವ ಪದ್ಧತಿ ಇದು.

ನನ್ನ ಸಲಹೆಯಂತೆ ವರ್ತಕರು ತಮ್ಮ ಕೈಯಲ್ಲಿರುವುದನ್ನು ಒಪ್ಪಿಕೊಳ್ಳಬೇಕು: ಬಾಗಿಲಿಗೆ ಫಲಕ, ತಮ್ಮ ಮತ್ತು ಕೆಲಸಗಾರರ ಮುಖಕ್ಕೆ ಮಾಸ್ಕ್, ಒಂದು ಸಲ ಬಾಯಿಮಾತಿನ ಸೂಚನೆ, ಗಾಳಿಯ ವ್ಯವಸ್ಥೆ. ಇಷ್ಟನ್ನು ಮಾಡಿದ ವರ್ತಕನಿಗೆ ಗಿರಾಕಿಯ ಉಲ್ಲಂಘನೆಗಾಗಿ ದಂಡ ವಿಧಿಸಬಾರದು ಎಂದು ಕೇಳಬೇಕು. ಇಷ್ಟನ್ನೂ ಮಾಡದವನಿಗೆ ದಂಡ ಬಿದ್ದರೆ ನಾನಂತೂ ಅವನ ಪರ ವಕಾಲತ್ತು ಹಾಕುವುದಿಲ್ಲ.

ಉತ್ತರ: ತಾಯಿ, ಗಂಗಾವತಿ

ನನ್ನ ಮಗಳಿಗೆ ಕಿವಿ ಕೇಳಿಸುವುದಿಲ್ಲ. ತುಟಿಯ ಚಲನೆಯನ್ನು ನೋಡಿ ಮಾತನ್ನು ಗ್ರಹಿಸುತ್ತಾಳೆ. ಎಲ್ಲರೂ ಮಾಸ್ಕ್ ಧರಿಸಿದ್ದ ಕಾಲದಲ್ಲಿ ಔಷಧಿ ಅಂಗಡಿಯವರು ಗುಳಿಗೆಯನ್ನು ಊಟಕ್ಕೆ ಮೊದಲು ತೆಗೆದುಕೊಳ್ಳಬೇಕೋ ನಂತರವೋ ಎಂದು ಹೇಳಿದ್ದು ಸಹ ಅವಳಿಗೆ ತಿಳಿಯುತ್ತಿರಲಿಲ್ಲ. ಮಾಸ್ಕ್ ಕೆಳಗಿಳಿಸಿ ಹೇಳಿ ಎಂದು ಕೇಳಿದರೆ ಅವರು ದಂಡಕ್ಕೆ ಹೆದರುತ್ತಿದ್ದರು, ಅದರಲ್ಲಿ ಅವರ ತಪ್ಪೂ ಇರಲಿಲ್ಲ. ವಕೀಲರು ಹೇಳಿದ ಇಂಗ್ಲೆಂಡಿನ ನಿಯಮದಲ್ಲಿ, ತುಟಿ ನೋಡಿ ಅರ್ಥಮಾಡಿಕೊಳ್ಳುವವರೊಂದಿಗೆ ಮಾತನಾಡುವಾಗ ಮಾಸ್ಕ್ ತೆಗೆಯಲು ವಿನಾಯಿತಿ ಇತ್ತು ಎಂದು ಓದಿದ್ದೇನೆ. ಮನವಿಯಲ್ಲಿ ಈ ಒಂದು ಸಾಲನ್ನು ದಯವಿಟ್ಟು ಸೇರಿಸಿ. ಗಲ್ಲಾದ ಬಳಿ ಒಂದು ಪೆನ್ನು, ನಾಲ್ಕು ಹಾಳೆ ಇಟ್ಟರೂ ಅರ್ಧ ಕಷ್ಟ ಕಡಿಮೆಯಾಗುತ್ತದೆ.

ಪ್ರಶ್ನೆ ಕೇಳಿದವರು: ಕಿರಾಣಿ ವರ್ತಕ, ಕೊಪ್ಪಳ

ಎಲ್ಲರಿಗೂ ವಂದನೆಗಳು. ಗಂಗಾವತಿಯ ತಾಯಿಯವರ ಸಾಲನ್ನು ಈಗಾಗಲೇ ಕರಡಿಗೆ ಸೇರಿಸಿದ್ದೇನೆ. ಈ ವಿಚಾರ ನಮ್ಮ ಸಭೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ವಕೀಲರಿಗೆ ಒಂದು ಸಂದೇಹ. ಅಂಗಡಿಯವನಿಗೆ ತಡೆಯುವ ಹೊಣೆ ಇಲ್ಲವೆಂದಾದರೆ, ಪೊಲೀಸರಿಗೆ ಪ್ರತಿ ಅಂಗಡಿಗೆ ಬರಲು ಬಿಡುವಿಲ್ಲವೆಂದಾದರೆ, ಕಡ್ಡಾಯ ಎಂಬುದು ಕಾಗದದ ಮೇಲಷ್ಟೇ ಉಳಿಯುವುದಿಲ್ಲವೇ? ಸಂತೆಯ ದಿನ ಜವಾಹರ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆವತ್ತು ನಿಯಮ ನೋಡಿಕೊಳ್ಳುವವರು ಯಾರು?

ಡಾಕ್ಟರ್ ಅವರಿಗೂ ಒಂದು ಪ್ರಶ್ನೆ. ನಿಯಮ ಯಾವಾಗ ಶುರುವಾಗಬೇಕು ಎನ್ನುವುದಕ್ಕಿಂತ ಯಾವಾಗ ಮುಗಿಯಬೇಕು ಎಂಬುದೇ ನಮ್ಮವರ ಚಿಂತೆ. 2020ರಲ್ಲಿ ಶುರುವಾದದ್ದು 2022ರ ಮಾರ್ಚ್ 31ಕ್ಕೆ ಕೇಂದ್ರದ ವಿಪತ್ತು ನಿರ್ವಹಣಾ ಆದೇಶಗಳು ಕೊನೆಗೊಳ್ಳುವವರೆಗೂ ಬೆನ್ನಿಗಿತ್ತು. ನಡುವೆ ರೋಗ ಬಹುತೇಕ ಇಲ್ಲದ ತಿಂಗಳುಗಳೂ ಇದ್ದವು. ಆ ತಿಂಗಳುಗಳಲ್ಲೂ ಫಲಕ ಬಾಗಿಲಲ್ಲೇ ಇತ್ತು, ಯಾರೂ ಓದುತ್ತಿರಲಿಲ್ಲ.

ಉತ್ತರ: ಸಮುದಾಯ ಆರೋಗ್ಯ ವೈದ್ಯೆ, ರಾಯಚೂರು

ಯಾರೂ ಓದದ ಫಲಕವೇ ಮುಂದಿನ ಅಲೆಗೆ ಅತಿ ದೊಡ್ಡ ತೊಡಕು. 2021ರ ಏಪ್ರಿಲ್‌ನಲ್ಲಿ ನಿಜವಾಗಿ ಮಾಸ್ಕ್ ಬೇಕಾದಾಗ ಜನ ಅದನ್ನು ಹಳೆಯ ಉಪದ್ರವ ಎಂದೇ ಭಾವಿಸಿದ್ದರು. ಆ ಬಳಿಕ ಏನಾಯಿತೆಂದು ಈ ಭಾಗದವರಿಗೆ ಹೇಳಬೇಕಾಗಿಲ್ಲ; ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಆಮ್ಲಜನಕವನ್ನು ನಂಬಿ ಅದರ ಪಕ್ಕದಲ್ಲೇ 1000 ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆ ಕಟ್ಟಬೇಕಾಯಿತು.

ಆದೇಶದಲ್ಲೇ ಅದರ ಕೊನೆಯ ದಿನಾಂಕ ಇರಬೇಕು ಎಂದು ನೀವು ಕೇಳುವುದು ನ್ಯಾಯವಾದುದು. ನಾಲ್ಕು ವಾರಕ್ಕೊಮ್ಮೆ ಜಿಲ್ಲೆಯ ಸೋಂಕಿನ ಮತ್ತು ಆಸ್ಪತ್ರೆ ದಾಖಲಾತಿಯ ಸ್ಥಿತಿಯನ್ನು ನೋಡಿ, ಕಾರಣ ಬರೆದು ಮುಂದುವರಿಸಬೇಕು, ಇಲ್ಲವೇ ತಾನಾಗಿಯೇ ರದ್ದಾಗಬೇಕು. ನಾಲ್ಕು ವಾರ ಎಂಬುದು ನನ್ನ ಅಂದಾಜು, ಅದಕ್ಕೆ ಯಾವ ಶಾಸ್ತ್ರಾಧಾರವೂ ಇಲ್ಲ. ರೋಗವನ್ನು ಅವಲಂಬಿಸಿ ಇನ್ನೂ ಬೇಗ ನೋಡಬೇಕಾಗಬಹುದು.

ಬಳ್ಳಾರಿಯವರು ಹೇಳಿದ ಬಿಸಿಲಿನ ಮಾತು ನಿಜ. ಒದ್ದೆಯಾದ ಮಾಸ್ಕಿನಲ್ಲಿ ಉಸಿರಾಟ ಕಷ್ಟ, ಬದಲಿಸಬೇಕಾಗುತ್ತದೆ. ದಿನವಿಡೀ ಅಂಗಡಿಯಲ್ಲಿರುವ ಕೆಲಸಗಾರನಿಗೆ ಒಂದೇ ಮಾಸ್ಕ್ ಸಾಲದು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಐದು ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಬೇಡವೆಂದು 2021ರ ಜೂನಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ನಿರ್ದೇಶನಾಲಯವೇ ಹೇಳಿತ್ತು, ಅದೂ ಮನವಿಯಲ್ಲಿರಲಿ. ಉಸಿರು ಬಿಡಲು ಮುಂದೆ ಕವಾಟವಿರುವ ಎನ್-95 ಮಾಸ್ಕ್ ಧರಿಸಿದವನ ಉಸಿರು ಶೋಧನೆಯಾಗದೆ ಹೊರಗೆ ಬರುತ್ತದೆ. 2020ರ ಜುಲೈನಲ್ಲೇ ಕೇಂದ್ರ ಆರೋಗ್ಯ ಸಚಿವಾಲಯ ಈ ಬಗ್ಗೆ ರಾಜ್ಯಗಳಿಗೆ ಪತ್ರ ಬರೆದಿತ್ತು. ಆದರೂ ದುಬಾರಿ ಎಂಬ ಕಾರಣಕ್ಕೆ ಅದನ್ನೇ ಶ್ರೇಷ್ಠವೆಂದು ಧರಿಸಿ ಬಂದ ಅಧಿಕಾರಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಉತ್ತರ: ವಕೀಲ, ಬಳ್ಳಾರಿ

ಕಾಗದದ ಮೇಲೆ ಉಳಿಯುವುದಿಲ್ಲವೇ ಎಂದು ಕೇಳಿದ್ದೀರಿ. ಸ್ವಲ್ಪ ಮಟ್ಟಿಗೆ ಉಳಿಯುತ್ತದೆ. ಕಾನೂನಿನ ಕೆಲಸ ಪ್ರತಿಯೊಬ್ಬನನ್ನೂ ಹಿಡಿಯುವುದಷ್ಟೇ ಅಲ್ಲ; ನಿಮ್ಮ ಸಹ ವರ್ತಕರು ಉದ್ರಿ ಗಿರಾಕಿಗೆ "ನಾನಲ್ಲ, ಸರ್ಕಾರ ಹೇಳಿದ್ದು" ಎಂದು ಮುಖ ಕೆಡಿಸಿಕೊಳ್ಳದೆ ಹೇಳಲು ಅದು ನೆಪವನ್ನೂ ಕೊಡುತ್ತದೆ. ಎಲ್ಲ ಅಂಗಡಿಗಳಿಗೂ ಒಂದೇ ನಿಯಮವಿದ್ದರೆ ಆ ಗಿರಾಕಿ ಪಕ್ಕದ ಅಂಗಡಿಗೆ ಹೋಗಿಯೂ ಉಪಯೋಗವಿಲ್ಲ. ಕಡ್ಡಾಯ ಬೇಡ ಎನ್ನುವ ನಮ್ಮ ಊರಿನ ಮಿತ್ರರು ಇದನ್ನು ಯೋಚಿಸಬೇಕು: ಕಡ್ಡಾಯವಿಲ್ಲದಿದ್ದರೆ ನಿಷ್ಠೆಯಿಂದ ನಡೆಯುವ ವರ್ತಕನೇ ಒಂಟಿಯಾಗುತ್ತಾನೆ.

ಸಂತೆಯ ದಿನದ ಮಟ್ಟಿಗೆ, ಪೊಲೀಸರಿಗಿಂತ ನಗರಸಭೆಯ ಸಿಬ್ಬಂದಿ ಮತ್ತು ಸ್ವಯಂಸೇವಕರು ಮಾಸ್ಕಿನ ಪೆಟ್ಟಿಗೆ ಹಿಡಿದು ರಸ್ತೆಯ ತುದಿಯಲ್ಲಿ ನಿಲ್ಲುವುದು ಉತ್ತಮ. ಮೊದಲ ಸಲ ಮಾಸ್ಕ್ ಕೊಟ್ಟು ಕಳಿಸಿ, ಕೊಟ್ಟ ಮೇಲೂ ನಿರಾಕರಿಸಿದವನಿಗೆ ದಂಡ ಹಾಕಿದರೆ ಅದನ್ನು ಯಾವ ನ್ಯಾಯಾಲಯದಲ್ಲೂ ಸಮರ್ಥಿಸಬಹುದು. ದಂಡಕ್ಕೂ ಮಿತಿ ಇರಲಿ. 2020ರ ಡಿಸೆಂಬರಿನಲ್ಲಿ ಗುಜರಾತ್ ಹೈಕೋರ್ಟ್ ಮಾಸ್ಕ್ ಧರಿಸದವರನ್ನು ಕೋವಿಡ್ ಕೇಂದ್ರಗಳಲ್ಲಿ ಸೇವೆಗೆ ಹಚ್ಚಬೇಕೆಂದು ಆದೇಶಿಸಿದಾಗ ಸುಪ್ರೀಂ ಕೋರ್ಟ್ ಮರುದಿನವೇ ಅದಕ್ಕೆ ತಡೆ ನೀಡಿತು.

ಉತ್ತರ: ಜೀನ್ಸ್ ಹೊಲಿಗೆ ಘಟಕದವನು, ಬಳ್ಳಾರಿ

ಯೋಚಿಸಿದೆ. ಮುಚ್ಚಿದ ಅಂಗಡಿಗಳಿಗೆ ಮಾತ್ರ, ಕೊನೆಯ ದಿನಾಂಕದೊಂದಿಗೆ, ಮೊದಲು ಮಾಸ್ಕ್ ಕೊಟ್ಟು ನಂತರ ದಂಡ ಎನ್ನುವುದಾದರೆ ನನ್ನ ತಕರಾರು ಬಹಳಷ್ಟು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಆದರೆ ಪೆಟ್ಟಿಗೆಯ ಖರ್ಚು ಯಾರದು ಎಂದು ಯಾರೂ ಹೇಳಲಿಲ್ಲ. 2020ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಮಾಸ್ಕನ್ನು ಅಗತ್ಯ ವಸ್ತುಗಳ ಪಟ್ಟಿಗೆ ಸೇರಿಸಿ, ಮೂರು ಪದರದ ಸರ್ಜಿಕಲ್ ಮಾಸ್ಕಿಗೆ 10 ರೂಪಾಯಿ, ಎರಡು ಪದರದ್ದಕ್ಕೆ 8 ರೂಪಾಯಿ ಮಿತಿ ಹಾಕಿತು. ಆ ಮಿತಿ ಇದ್ದದ್ದು ಜೂನ್ 30ರವರೆಗೆ ಮಾತ್ರ. ದಂಡದ ಆದೇಶ ಮುಂದುವರಿಯಿತು, ಬೆಲೆಯ ಮಿತಿ ಮುಂದುವರಿಯಲಿಲ್ಲ. ನಾಲ್ಕು ಜನರ ಕುಟುಂಬ ದಿನಕ್ಕೊಂದರಂತೆ ಬಳಸಿದರೆ ಕೂಲಿಯ ಎಷ್ಟು ಪಾಲು ಅದಕ್ಕೇ ಹೋಗುತ್ತದೆ ಎಂದು ಲೆಕ್ಕ ಹಾಕಿ.

ಮನವಿಯಲ್ಲಿ ಹೀಗೆ ಬರೆಯಿರಿ: ಕಡ್ಡಾಯ ಜಾರಿಯಲ್ಲಿರುವಷ್ಟು ದಿನವೂ ಬೆಲೆಯ ಮಿತಿ ಜಾರಿಯಲ್ಲಿರಬೇಕು, ಪಡಿತರ ಚೀಟಿ ಇರುವವರಿಗೆ ನ್ಯಾಯಬೆಲೆ ಅಂಗಡಿಯಲ್ಲೇ ಉಚಿತವಾಗಿ ಮಾಸ್ಕ್ ಸಿಗಬೇಕು. ಹೊಲಿಸುವುದಾದರೆ ಡಾಕ್ಟರ್ ಹೇಳಿದ ಮೂರು ಪದರದ ಅಳತೆಯನ್ನು ಮೊದಲೇ ಕೊಡಲಿ. ಇಲ್ಲಿ ಹೊಲಿಗೆ ಯಂತ್ರಕ್ಕೂ ಹೊಲಿಯುವ ಕೈಗಳಿಗೂ ಬರವಿಲ್ಲ.

ಪ್ರಶ್ನೆ ಕೇಳಿದವರು: ಕಿರಾಣಿ ವರ್ತಕ, ಕೊಪ್ಪಳ

ಬೆಲೆಯ ಮಿತಿಯ ಅಂಶವನ್ನು ಮನವಿಯ ಮೊದಲ ಪುಟಕ್ಕೇ ತಂದಿದ್ದೇನೆ. ನ್ಯಾಯಬೆಲೆ ಅಂಗಡಿಯವರನ್ನೂ ಮುಂದಿನ ಸಭೆಗೆ ಕರೆಯುತ್ತಿದ್ದೇವೆ, ಏಕೆಂದರೆ ಹಂಚುವ ಹೊರೆ ಅವರ ಮೇಲೆ ಬೀಳುವುದಾದರೆ ಅವರನ್ನು ಕೇಳದೆ ಬರೆಯುವುದು ಸರಿಯಲ್ಲ. ಜವಳಿ ವರ್ತಕರಲ್ಲಿ ಇಬ್ಬರು ಗಾಳಿಯ ಫ್ಯಾನಿನ ಖರ್ಚಿಗೆ ಈಗಲೇ ಆಕ್ಷೇಪ ಎತ್ತಿದ್ದಾರೆ, ಹಿಂದಿನ ಗೋಡೆ ಪಕ್ಕದವರ ಮನೆಗೆ ತಾಗಿಕೊಂಡಿದೆಯಂತೆ. ಅಂತಹ ಅಂಗಡಿಗಳಲ್ಲಿ ಗಾಳಿ ಹೊರಹೋಗಲು ಬೇರೆ ಯಾವ ವ್ಯವಸ್ಥೆ ಮಾಡಬಹುದು ಎಂದು ಡಾಕ್ಟರ್ ಅವರು ಅಥವಾ ಕಟ್ಟಡದ ಕೆಲಸ ತಿಳಿದ ಯಾರಾದರೂ ತಿಳಿಸಲಿ, ಅಲ್ಲಿಯವರೆಗೆ ಕರಡಿನಲ್ಲಿ ಆ ಜಾಗವನ್ನು ಖಾಲಿ ಬಿಟ್ಟಿರುತ್ತೇನೆ.